ಕಣ್ಣು ಬಿಟ್ಟ ಮೇಲೆ ಕೇಳುವ ಪ್ರಶ್ನೆ

ಮನಸ್ಸಿಗೆ ಹುಷಾರಿಲ್ಲ ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ನಮ್ಮ ಕಡೆ ಮೊದಲು ಸಿಗುವ ಸಲಹೆ ಒಂದೇ. ಬೆಳಿಗ್ಗೆ ಬೇಗ ಎದ್ದು ಧ್ಯಾನ ಮಾಡು. ಹೇಳುವವರಿಗೆ ನಿಜವಾದ ಕಾಳಜಿ ಇರುತ್ತದೆ. ಅತ್ತೆ ಹೇಳುತ್ತಾರೆ, ಆಫೀಸಿನಲ್ಲಿ ಪಕ್ಕ ಕೂರುವವರು ಹೇಳುತ್ತಾರೆ, ಬಿಪಿ ನೋಡುವ ಡಾಕ್ಟರೂ ಹೇಳುತ್ತಾರೆ. ಡಿಪ್ರೆಶನ್ ಮತ್ತೆ ಬಂದಾಗ ನನಗೂ ಎಲ್ಲರೂ ಇದನ್ನೇ ಹೇಳಿದರು. ಕೂತೆ. ಹಗಲೆಲ್ಲ ಕೆಲಸದ ಗಡಿಬಿಡಿಯಲ್ಲಿ ದೂರ ಇಟ್ಟಿದ್ದ ಯೋಚನೆಗಳು ಕಣ್ಣು ಮುಚ್ಚಿದ ತಕ್ಷಣ ಒಟ್ಟಿಗೆ ನುಗ್ಗಿ ಬಂದವು. ಏಳುವ ಹೊತ್ತಿಗೆ ಮೊದಲಿಗಿಂತ ಜಾಸ್ತಿ ಸಂಕಟ. ಕೆಲವು ತಿಂಗಳಾದ ಮೇಲೆ ಒಬ್ಬ ಥೆರಪಿಸ್ಟ್ ಹತ್ತಿರ ಹೋದೆ. ಅವರು ಮಾಡಿಸಿದ್ದೂ ಹೆಚ್ಚುಕಡಿಮೆ ಅದನ್ನೇ. ಕೂತ್ಕೊಳ್ಳಿ, ಉಸಿರು ಗಮನಿಸಿ. ಈ ಸಲ ಅದು ನನ್ನ ಕೈ ಹಿಡಿಯಿತು. ಮಾಡಿದ್ದು ಒಂದೇ, ಮಾಡಿದವಳೂ ಒಬ್ಬಳೇ, ಆದರೂ ಯಾಕೆ ಇಷ್ಟು ವ್ಯತ್ಯಾಸ? ಈ ಪ್ರಶ್ನೆ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ.

ಹೀಗೆ ಉಸಿರು, ಮೈ, ಯೋಚನೆಗಳನ್ನು ಬೈಯದೆ ಸುಮ್ಮನೆ ಗಮನಿಸುವ ಅಭ್ಯಾಸಕ್ಕೆ ಮೈಂಡ್‌ಫುಲ್‌ನೆಸ್ ಅನ್ನುತ್ತಾರೆ. ಈ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಮೊಬೈಲ್ ಆ್ಯಪ್, ಆಫೀಸಿನ ವರ್ಕ್‌ಶಾಪ್, ಶಾಲೆಯ ಪ್ರಾರ್ಥನೆಯ ಹೊತ್ತು, ಎಲ್ಲ ಕಡೆ. ನಾನು ಈ ವಿಷಯದಲ್ಲಿ ಓದಿದವಳಲ್ಲ. ಥೆರಪಿಯಲ್ಲಿ ಅದರಿಂದ ಉಪಕಾರ ಪಡೆದವಳು. ಹಾಗಾಗಿಯೇ ಅದನ್ನು ಮನಸ್ಸಿನ ಎಲ್ಲ ನೋವಿಗೂ ಪುಕ್ಕಟೆ ಔಷಧಿಯ ಹಾಗೆ ಹಂಚುವುದನ್ನು ಕಂಡರೆ ನನಗೆ ನೋವಾಗುತ್ತದೆ.

"ಆಗ್ಲಿಲ್ಲ ಮೇಡಂ"

ಮಲ್ಲೇಶ್ವರದ ಹಳೇ ಮನೆಯೊಂದರ ಮಹಡಿಯಲ್ಲಿ ಆ ಥೆರಪಿಸ್ಟ್ ರೂಮು. ಎರಡು ಬೆತ್ತದ ಕುರ್ಚಿ, ನಡುವೆ ಟೀಪಾಯಿ, ಅದರ ಮೇಲೆ ಒಂದು ತಂಬಿಗೆ ನೀರು. ಕಿಟಕಿಯ ಆಚೆ ಪಕ್ಕದ ಮನೆಯ ಅಡುಗೆಮನೆ. ಹನ್ನೊಂದು ಗಂಟೆ ಸುಮಾರಿಗೆ ಅಲ್ಲಿ ಕುಕ್ಕರ್ ಕೂಗಲು ಶುರು. ಆ ದಿನಗಳಲ್ಲಿ ಮನೋವೈದ್ಯರು ಕೊಟ್ಟ ಮಾತ್ರೆ ಆಗಲೇ ಹಿಡಿದಿತ್ತು. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು. ಅದಾದ ಮೇಲೇ ಥೆರಪಿಸ್ಟ್ ಉಸಿರು ಗಮನಿಸುವ ವಿಷಯ ಎತ್ತಿದ್ದು. ಮೊದಲ ಸಲ ಹತ್ತು ನಿಮಿಷ ಕೂರಿಸಿದರು. ಬೆನ್ನು ನೆಟ್ಟಗಿರಲಿ. ಕಣ್ಣು ಮುಚ್ಚಬಹುದು, ಬೇಡ ಅನ್ನಿಸಿದರೆ ನೆಲ ನೋಡಬಹುದು. ಉಸಿರಾಟ ಮೈಯಲ್ಲಿ ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೋ ಅಲ್ಲಿ ಗಮನ ಇರಲಿ. ಮನಸ್ಸು ಬೇರೆ ಕಡೆ ಹೋದರೆ, ಹೋಯ್ತು ಅಂತ ತಿಳಿದುಕೊಂಡು ವಾಪಸ್ ಬನ್ನಿ. ಅಷ್ಟೇ. ಮಂತ್ರ ಇಲ್ಲ, ಊದುಬತ್ತಿ ಇಲ್ಲ.

ಕಣ್ಣು ಬಿಟ್ಟ ಮೇಲೆ ಕೇಳಿದರು, "ಏನೇನು ಗಮನಕ್ಕೆ ಬಂತು?"

"ಆಗ್ಲಿಲ್ಲ ಮೇಡಂ. ಮನಸ್ಸು ನಿಲ್ಲಲೇ ಇಲ್ಲ."

"ಸರಿ. ಎಲ್ಲಿಗೆ ಹೋಯ್ತು?"

ಅಣ್ಣನ ಫೋನಿಗೆ ಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯ ವಿಷಯಕ್ಕೆ ನಮ್ಮಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಹಿಂದಿನ ರಾತ್ರಿ ಅವನು ಫೋನ್ ಮಾಡಿದ್ದ. ನಾನು ಎತ್ತಿರಲಿಲ್ಲ. ಅದನ್ನು ಹೇಳಿದೆ.

"ಆ ಫೋನ್ ನೆನಪಾದಾಗ ಮೈಯಲ್ಲಿ ಎಲ್ಲಾದ್ರೂ ಏನಾದ್ರೂ ಆಯ್ತಾ?"

ಸ್ವಲ್ಪ ಹೊತ್ತು ಯೋಚಿಸಿ "ಗಂಟಲು" ಅಂದೆ. ಎಂಜಲು ನುಂಗಲೂ ಆಗದ ಹಾಗೆ ಬಿಗಿದಿತ್ತು. ಅವರು ಕೇಳುವವರೆಗೆ ಅದು ನನ್ನ ಅರಿವಿಗೇ ಬಂದಿರಲಿಲ್ಲ.

"ಆಮೇಲೆ?"

"ಆಮೇಲೆ ನನ್ನನ್ನ ನಾನೇ ಬೈದ್ಕೊಂಡೆ. ಹತ್ತು ನಿಮಿಷ ಸುಮ್ನೆ ಕೂರೋಕೂ ಆಗಲ್ವಾ ನಿಂಗೆ, ಯಾವುದಕ್ಕೂ ಲಾಯಕ್ಕಿಲ್ಲ ನೀನು ಅಂತ."

"ಈ ಬೈಗುಳ ಹೊಸದಾ, ಹಳೇದಾ?"

ಹಳೇದು. ತುಂಬಾ ಹಳೇದು. ಮೊದಲ ಸಲ ಡಿಪ್ರೆಶನ್ ಬಂದಾಗ ರಾತ್ರಿಯಿಡೀ ತಲೆಯಲ್ಲಿ ಓಡುತ್ತಿದ್ದದ್ದು ಇದೇ ಮಾತು. ಅವರು ಒಂದು ಬಿಳಿ ಹಾಳೆ ತೆಗೆದು, ನಾನು ಹೇಳಿದ್ದನ್ನೆಲ್ಲ ಒಂದರ ಕೆಳಗೊಂದು ಬರೆದರು. ಫೋನ್ ನೆನಪು. ಗಂಟಲು ಬಿಗಿತ. ಬೈಗುಳ. ಎದ್ದು ಓಡಿಹೋಗಬೇಕು ಅನ್ನಿಸಿದ್ದು. ಹಾಳೆ ನನ್ನ ಕಡೆ ತಿರುಗಿಸಿ, "ಇಷ್ಟೆಲ್ಲಾ ನೋಡಿದ್ದೀರಲ್ಲ, ಆಗ್ಲಿಲ್ಲ ಅಂತೀರಲ್ಲ" ಅಂದರು. ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ.

ಮನೆಯಲ್ಲಿ ಒಬ್ಬಳೇ ಕೂತಾಗಲೂ ಇದೇ ಆಗಿತ್ತು. ನೆನಪು ಬಂದಿತ್ತು, ಗಂಟಲು ಬಿಗಿದಿತ್ತು, ಬೈಗುಳ ಬಂದಿತ್ತು. ಆದರೆ ಆಗ ಬೈಗುಳವೇ ಕೊನೆಯ ಮಾತಾಗಿ ಉಳಿದಿತ್ತು. ಅದನ್ನು ಬೈಗುಳ ಅಂತ ಗುರುತಿಸುವವರು ಯಾರೂ ಇರಲಿಲ್ಲ. ನಾನದನ್ನು ಸತ್ಯ ಅಂತಲೇ ನಂಬಿಕೊಂಡು ಎದ್ದಿದ್ದೆ. ಈ ರೂಮಿನಲ್ಲಿ ಆ ಮಾತನ್ನು ಮತ್ತೊಬ್ಬರು ಕೇಳಿಸಿಕೊಂಡರು, ಹಾಳೆಯ ಮೇಲೆ ಇಟ್ಟರು, ಅದಕ್ಕೆ ವಯಸ್ಸೆಷ್ಟು ಅಂತ ವಿಚಾರಿಸಿದರು. ವ್ಯತ್ಯಾಸ ಆದದ್ದು ಕೂತ ಹತ್ತು ನಿಮಿಷದಲ್ಲಲ್ಲ. ಆಮೇಲಿನ ಮಾತುಕತೆಯಲ್ಲಿ.

ಮೂವರು ಸಂಶೋಧಕರು ಹಾದಿ ಬದಲಿಸಿದ್ದು

ಇದು ನನ್ನೊಬ್ಬಳ ಅನುಭವ ಮಾತ್ರವಾ ಅಂತ ತಿಳಿಯಲು ಈ ಚಿಕಿತ್ಸೆ ಎಲ್ಲಿಂದ ಬಂತು ಅಂತ ಹುಡುಕಿ ಓದಿದೆ. ಆಸ್ಪತ್ರೆಯೊಳಗೆ ಇದನ್ನು ತಂದವರಲ್ಲಿ ಮೊದಲಿಗರು ಅಂದರೆ ಜಾನ್ ಕಬಾಟ್-ಝಿನ್. 1979ರಲ್ಲಿ ಅಮೆರಿಕದ ವೂಸ್ಟರ್‌ನಲ್ಲಿ, ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದರು. ಅವರ ಹತ್ತಿರ ಬರುತ್ತಿದ್ದವರಲ್ಲಿ ತುಂಬಾ ಜನ ದೀರ್ಘಕಾಲದ ನೋವು ಇದ್ದವರು, ಔಷಧಿಯಿಂದ ಪೂರ್ತಿ ವಾಸಿಯಾಗದವರು. ಎಂಟು ವಾರದ ತರಗತಿ. ಝೆನ್, ವಿಪಸ್ಸನ ಅನ್ನುವ ಬೌದ್ಧ ಧ್ಯಾನಗಳು, ಹಠಯೋಗ, ಎಲ್ಲದರಿಂದ ತೆಗೆದುಕೊಂಡಿದ್ದರೂ ಪೂಜೆ ಇಲ್ಲ, ದೀಕ್ಷೆ ಇಲ್ಲ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ಆಮೇಲಿನ ಕಥೆ. ಜಿಂಡಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಅಂತ ಮೂವರು ಮನಶ್ಶಾಸ್ತ್ರಜ್ಞರು. ಅವರ ತಲೆಯಲ್ಲಿದ್ದ ಪ್ರಶ್ನೆ ಇಷ್ಟು: ಡಿಪ್ರೆಶನ್ ಒಂದು ಸಲ ವಾಸಿಯಾದವರಿಗೆ ಅದು ಮತ್ತೆ ಮತ್ತೆ ಯಾಕೆ ಬರುತ್ತದೆ? ಅವರು ಕಂಡುಕೊಂಡದ್ದು ನನ್ನ ಹಾಳೆಯ ಮೇಲಿದ್ದದ್ದನ್ನೇ. ಎಲ್ಲರಿಗೂ ಬರುವಂಥ ಚಿಕ್ಕ ಬೇಸರ ಒಂದು ಬರುತ್ತದೆ. ಹಿಂದೆ ಡಿಪ್ರೆಶನ್ ಅನುಭವಿಸಿದವರಲ್ಲಿ ಆ ಬೇಸರದ ಜೊತೆಗೆ ಹಳೇ ಯೋಚನೆಗಳೂ ಏಳುತ್ತವೆ. ನಾನು ಕೆಲಸಕ್ಕೆ ಬಾರದವಳು, ಯಾರಿಗೂ ಬೇಡದವಳು ಅನ್ನುವಂಥವು. ಅವುಗಳ ಜೊತೆ ವಾದ ಮಾಡುತ್ತಾ, ಯಾಕೆ ಹೀಗೆ ಯಾಕೆ ಹೀಗೆ ಅಂತ ಕೆದಕುತ್ತಾ ಹೋದಷ್ಟೂ ಬೇಸರ ಆಳಕ್ಕಿಳಿಯುತ್ತದೆ. ಪ್ರತಿ ಸಲ ಬಂದು ಹೋದಾಗಲೂ ಈ ದಾರಿ ಇನ್ನಷ್ಟು ಸವೆಯುತ್ತದೆ, ಮುಂದಿನ ಸಲಕ್ಕೆ ತುಂಬಾ ಚಿಕ್ಕ ಕಾರಣ ಸಾಕಾಗುತ್ತದೆ.

ಮೊದಲಿಗೆ ಅವರು ತಮ್ಮ ಚಿಕಿತ್ಸೆಯನ್ನು ಗಮನ ಹತೋಟಿಗೆ ತರುವ ತರಬೇತಿಯಾಗಿ ರೂಪಿಸಿದ್ದರು. ಕೆಟ್ಟ ಯೋಚನೆ ಬಂದರೆ ಗಮನವನ್ನು ಅಲ್ಲಿಂದ ಕಿತ್ತು ಉಸಿರಿಗೆ ತರುವುದು. ಚಿಕ್ಕಪುಟ್ಟ ಬೇಸರಕ್ಕೆ ಅದು ನಡೆಯಿತು. ಗುಂಪಿನಲ್ಲಿ ಯಾರಾದರೂ ನಿಜವಾದ ಸಂಕಟ ಹೊತ್ತು ಬಂದಾಗ ಸಾಲಲಿಲ್ಲ. ಮತ್ತೆ ವೂಸ್ಟರ್‌ಗೆ ಹೋಗಿ ಅಲ್ಲಿನ ಶಿಕ್ಷಕರನ್ನು ನೋಡಿದರು. ಆ ಶಿಕ್ಷಕರು ಯಾರ ಸಂಕಟವನ್ನೂ ಸರಿಮಾಡಲು ಅವಸರ ಪಡುತ್ತಿರಲಿಲ್ಲ. ಅದು ಇರಲಿ, ಅದರ ಪಕ್ಕ ಕೂತು ನೋಡೋಣ ಅನ್ನುವ ಧಾಟಿ. ಅವರಿಗೆ ಅದು ಬಂದದ್ದು ತಾವೇ ದಿನವೂ ಅಭ್ಯಾಸ ಮಾಡುತ್ತಿದ್ದುದರಿಂದ. ಮೂವರೂ ತಮ್ಮ ಯೋಜನೆಯನ್ನು ಬದಲಿಸಿದರು. ಕಲಿಸುವವರು ತಾವೂ ಅಭ್ಯಾಸ ಮಾಡಿರಲೇಬೇಕು ಅಂತ ಗೊತ್ತು ಮಾಡಿದರು. ಸಂಶೋಧಕರು ತಾವು ಕಟ್ಟಿದ್ದನ್ನು ಹೀಗೆ ಬಿಚ್ಚಿ ಮತ್ತೆ ಕಟ್ಟಿದ್ದು ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

2000ದಲ್ಲಿ ಅವರ ಮೊದಲ ಅಧ್ಯಯನ ಪ್ರಕಟವಾಯಿತು. 145 ಜನ. ಎಲ್ಲರೂ ಹಿಂದೆ ಡಿಪ್ರೆಶನ್ ಬಂದು, ಆ ಹೊತ್ತಿಗೆ ಚೇತರಿಸಿಕೊಂಡಿದ್ದವರು. ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಬಂದಿದ್ದವರಲ್ಲಿ, ಎಂದಿನ ಚಿಕಿತ್ಸೆ ಮಾತ್ರ ಪಡೆದವರ ಪೈಕಿ ಶೇ. 66 ಮಂದಿಗೆ ಸುಮಾರು ಒಂದು ವರ್ಷದೊಳಗೆ ಅದು ಮರುಕಳಿಸಿತು. ಎಂಟು ವಾರದ ತರಗತಿಯನ್ನೂ ಮಾಡಿದವರಲ್ಲಿ ಶೇ. 37. ಆದರೆ ಎರಡೇ ಸಲ ಬಂದಿದ್ದವರಿಗೆ ಇದರಿಂದ ಉಪಯೋಗ ಕಾಣಲಿಲ್ಲ. ಈ ಎರಡನೇ ಮಾತನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ನನಗೆ ಅದೇ ಮುಖ್ಯ. ಒಂದೆರಡು ಸಲ ಮಾತ್ರ ಬಂದವರಲ್ಲಿ ಆ ದಾರಿ ಬಹುಶಃ ಇನ್ನೂ ಅಷ್ಟು ಸವೆದಿರುವುದಿಲ್ಲ. ಹೊರಗಿನ ದೊಡ್ಡ ಪೆಟ್ಟಿನಿಂದ ಕುಸಿದವರಿಗೂ, ಒಳಗೆ ಸವೆದ ದಾರಿಯಲ್ಲಿ ಜಾರುವವರಿಗೂ ಬೇಕಾದ ನೆರವು ಒಂದೇ ಅಲ್ಲ. ಇನ್ನೊಂದು ವಿಷಯ, ಇದನ್ನು ಪ್ರಯೋಗಿಸಿದ್ದು ಚೇತರಿಸಿಕೊಂಡವರ ಮೇಲೆ. ಡಿಪ್ರೆಶನ್ನಿನ ತಳದಲ್ಲಿರುವಾಗ, ಹಾಸಿಗೆಯಿಂದ ಏಳುವುದೇ ಕಷ್ಟವಾಗಿರುವಾಗ, ಒಬ್ಬರೇ ಕಣ್ಣು ಮುಚ್ಚಿ ಕೂರಿ ಅನ್ನುವುದು ಬೇರೆಯೇ ಮಾತು. ಮನೆಯಲ್ಲಿ ನನಗೆ ಆಗಿದ್ದು ಅದೇ.

ಮಾತ್ರೆ ಬೇಡ, ಇದೇ ಸಾಕು ಅನ್ನುವವರಿಗೂ ಒಂದು ಮಾತು. 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 424 ಜನರಿದ್ದರು. ಅರ್ಧ ಜನ ಮಾತ್ರೆ ಮುಂದುವರಿಸಿದರು, ಇನ್ನರ್ಧ ಜನ ಈ ತರಗತಿ ಮಾಡುತ್ತಾ, ವೈದ್ಯರ ನೆರವಿನಲ್ಲಿ ಮಾತ್ರೆ ನಿಧಾನವಾಗಿ ಇಳಿಸಲು ನೋಡಿದರು. ಎರಡು ವರ್ಷದಲ್ಲಿ ಮರುಕಳಿಸಿದ್ದು ತರಗತಿಯವರಲ್ಲಿ ಶೇ. 44, ಮಾತ್ರೆಯವರಲ್ಲಿ ಶೇ. 47. ಹೆಚ್ಚುಕಡಿಮೆ ಸಮ. ಇದನ್ನು ಓದಿ ಮಾತ್ರೆ ತಾವಾಗಿ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಇಳಿಸಿದ್ದು ವೈದ್ಯರ ಜೊತೆ ಮಾತಾಡಿಕೊಂಡು.

ಗಾರೆ ನೆಲದ ತಂಪು

ಆಮೇಲೆ ನಾನು ಅದೇ ಥೆರಪಿಸ್ಟ್ ನಡೆಸುತ್ತಿದ್ದ ಚಿಕ್ಕ ಗುಂಪಿಗೂ ಸೇರಿದೆ. ಶನಿವಾರ ಬೆಳಿಗ್ಗೆ, ಅದೇ ಮನೆಯ ಕೆಳಗಿನ ಹಜಾರದಲ್ಲಿ. ಅಲ್ಲಿ ಒಬ್ಬ ಹಿರಿಯರಿದ್ದರು, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ವರ್ಷಗಳ ಹಿಂದೆ ಅವರ ಗಾಡಿಗೆ ಅಪಘಾತ ಆಗಿತ್ತು. ಅವರ ತಪ್ಪಿರಲಿಲ್ಲ. ಆದರೂ ರಾತ್ರಿ ಬೆಚ್ಚಿಬೀಳುವುದು, ಎದೆ ಡವಡವ ಅನ್ನುವುದು ಬಿಟ್ಟಿರಲಿಲ್ಲ. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ನೆಂಟರೊಬ್ಬರ ಮಾತು ಕೇಳಿ ಅವರು ಮೊದಲೊಮ್ಮೆ ಯಾವುದೋ ಧ್ಯಾನ ಶಿಬಿರಕ್ಕೆ ಹೋಗಿದ್ದರಂತೆ. ಅಲ್ಲಿ ಮೈಯೆಲ್ಲ ನಡುಗಿದಾಗ, ಒಳಗಿನ ಕಸ ಹೊರಗೆ ಹೋಗ್ತಿದೆ, ಕೂತೇ ಇರಿ ಅಂದರಂತೆ. ಅವರು ಮಾತು ಕೇಳಿ ಕೂತೇ ಇದ್ದರು. ಮನೆಗೆ ಬಂದ ಮೇಲೆ ಹಲವು ರಾತ್ರಿ ನಿದ್ದೆ ಇಲ್ಲ.

ಗುಂಪಿನಲ್ಲಿ ಉಸಿರು ಗಮನಿಸಲು ಶುರುಮಾಡಿ ಎರಡು ನಿಮಿಷ ಆಗಿರಬೇಕು, ಅವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಂಡರು. "ಬೇಡ ತಾಯಿ, ಉಸಿರು ನೋಡ್ತಾ ಇದ್ರೆ ಉಸಿರೇ ಕಟ್ಟುತ್ತೆ ನಂಗೆ."

"ಹಾಗಾದ್ರೆ ಬೇಡ. ಕಣ್ಣು ಬಿಡಿ. ಉಸಿರು ಅದರ ಪಾಡಿಗೆ ಇರಲಿ. ಪಾದ ನೆಲಕ್ಕೆ ತಾಗಿದ್ಯಾ ನೋಡಿ."

ಅವರು ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಕೆಂಪು ಗಾರೆಯ ನೆಲ. "ತಾಗಿದೆ" ಅಂದರು.

"ಹೇಗಿದೆ?"

"ತಣ್ಣಗಿದೆ." ಸ್ವಲ್ಪ ಹೊತ್ತು ಬಿಟ್ಟು, "ಬಲಗಾಲು ಜಾಸ್ತಿ ಒತ್ತಿದೀನಿ. ಬ್ರೇಕ್ ಮೇಲೆ ಇಟ್ಟಂಗೆ."

ಯಾರೂ ಮಾತಾಡಲಿಲ್ಲ. ಅವರೇ ಪಾದವನ್ನು ನಿಧಾನವಾಗಿ ಸಡಿಲ ಮಾಡಿದರು, ಮತ್ತೆ ಒತ್ತಿದರು, ಮತ್ತೆ ಸಡಿಲ ಮಾಡಿದರು. ಆವತ್ತು ಅವರ ಅಭ್ಯಾಸ ಅಷ್ಟೇ. ಮುಂದಿನ ವಾರಗಳಲ್ಲೂ ಅವರು ಕಣ್ಣು ಮುಚ್ಚಲಿಲ್ಲ. ಒಂದು ಶನಿವಾರ ಹೇಳಿದರು, ರಾತ್ರಿ ಗಾಬರಿ ಶುರುವಾಗುವ ಮೊದಲು ಬಲಗಾಲು ಗಟ್ಟಿಯಾಗುತ್ತದೆ ಅಂತ ಈಗ ಗೊತ್ತಾಗುತ್ತಿದೆ, ಆಗ ಎದ್ದು ನೆಲದ ಮೇಲೆ ನಿಲ್ಲುತ್ತೇನೆ ಅಂತ. "ಇಂಜಿನ್ ಸದ್ದು ಒಂಚೂರು ಬದಲಾದ್ರೂ ಕೂತಲ್ಲೇ ಹೇಳ್ತಿದ್ದೆ ನಾನು. ನನ್ನ ಮೈಯಿಂದು ಮಾತ್ರ ಕೇಳಿಸಿಕೊಂಡೋನೇ ಅಲ್ಲ" ಅಂದರು.

ಉಸಿರೇ ಎಲ್ಲರಿಗೂ ಆಸರೆ ಅಂತ ನಾನೂ ಅಂದುಕೊಂಡಿದ್ದೆ. ದೊಡ್ಡ ಆಘಾತ ಕಂಡವರಿಗೆ ಎದೆಯ ಕಡೆ ಗಮನ ಹೋದರೆ ಅಲ್ಲೇ ಭಯ ಕೂತಿರುತ್ತದೆ. ಇದನ್ನು ಚಿಕಿತ್ಸೆ ಕೊಡುವವರು ಮೊದಲೇ ಕಂಡಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ತಾವೇ ಝೆನ್ ಅಭ್ಯಾಸ ಮಾಡಿದವರು. ಆದರೂ ಪದೇ ಪದೇ ಸಾಯುವ ಯೋಚನೆ ಬರುತ್ತಿದ್ದ ತಮ್ಮ ರೋಗಿಗಳನ್ನು ಗಂಟೆಗಟ್ಟಲೆ ಕೂರಿಸಲಿಲ್ಲ. ಅಭ್ಯಾಸವನ್ನು ಚಿಕ್ಕಚಿಕ್ಕದಾಗಿ ಒಡೆದರು. ಕಂಡದ್ದನ್ನು ಗಮನಿಸು, ಅದನ್ನು ಮಾತಿನಲ್ಲಿ ಹೇಳು, ಒಂದು ಸಲಕ್ಕೆ ಒಂದೇ ಕೆಲಸ ಮಾಡು. ಪಾತ್ರೆ ತೊಳೆಯುತ್ತಾ ಮಾಡಬಹುದು, ನಡೆಯುತ್ತಾ ಮಾಡಬಹುದು. ಹದಿಹರೆಯದಲ್ಲಿ ತಾವೂ ಮಾನಸಿಕ ಆಸ್ಪತ್ರೆಯಲ್ಲಿದ್ದೆ ಅಂತ ಅವರು ಎಲ್ಲರೆದುರು ಹೇಳಿದ್ದು 2011ರಲ್ಲಿ, ಅದೇ ಆಸ್ಪತ್ರೆಗೆ ಹೋಗಿ. ಧ್ಯಾನದಿಂದ ಕೆಲವರಿಗೆ ಆಗುವ ತೊಂದರೆಗಳನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕಿ ವಿಲೋಬಿ ಬ್ರಿಟನ್ ವರ್ಷಗಟ್ಟಲೆ ದಾಖಲಿಸಿದ್ದಾರೆ. ನಮ್ಮಲ್ಲಿ ಇದನ್ನು ಹೇಳಿದರೆ ಧ್ಯಾನದ ಮೇಲೆ ಅಪನಂಬಿಕೆ ಅನ್ನುತ್ತಾರೆ. ವಿಪಸ್ಸನ ಗುರು ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಶಿಬಿರಗಳ ನಿಯಮಗಳಲ್ಲೇ, ಇದು ವೈದ್ಯಕೀಯ ಅಥವಾ ಮಾನಸಿಕ ಚಿಕಿತ್ಸೆಗೆ ಬದಲಿ ಅಲ್ಲ ಅಂತ ಬರೆದಿದೆ. ಧ್ಯಾನವನ್ನು ಬಲ್ಲವರೇ ಈ ಎಚ್ಚರ ಹೇಳುತ್ತಿರುವಾಗ ಸಲಹೆ ಕೊಡುವ ನಾವು ಯಾಕೆ ಅದನ್ನು ದಾಟಿ ಹೋಗಬೇಕು?

ಬ್ರಿಟನ್ ದೇಶದ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. 85 ಶಾಲೆ, 8,000ಕ್ಕೂ ಹೆಚ್ಚು ಮಕ್ಕಳು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಪಾಠ ಮಾಡಿದರೂ ಎಂದಿನ ಪಾಠಕ್ಕಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ಕಾರಣ ಹಲವು ಇರಬಹುದು, ತುಂಬಾ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ನನಗಂತೂ ಓದುವಾಗ ಕಾಡಿದ್ದು ಬೇರೆ. ತುಂಬಿದ ಕ್ಲಾಸಿನಲ್ಲಿ ಪ್ರತಿ ಮಗುವಿಗೂ "ಮೈಯಲ್ಲಿ ಎಲ್ಲಾದ್ರೂ ಏನಾದ್ರೂ ಆಯ್ತಾ" ಅಂತ ಕೇಳಿ, ಉತ್ತರಕ್ಕೆ ಕಾಯುವಷ್ಟು ಬಿಡುವು ಯಾವ ಮೇಷ್ಟರಿಗಿದೆ?

ಉಸಿರು ನೋಡಿದರೆ ಬಗೆಹರಿಯದ್ದು

ನನ್ನ ಥೆರಪಿಸ್ಟ್ ಮೊದಲ ಭೇಟಿಯಲ್ಲೇ ಕೇಳಿದ ಪ್ರಶ್ನೆಗಳಲ್ಲಿ ಒಂದು, "ಮನೆಯಲ್ಲಿ ಯಾರ ಭಯವೂ ಇಲ್ವಲ್ಲ?" ಆಗ ವಿಚಿತ್ರ ಅನ್ನಿಸಿತ್ತು. ಈಗ ಅರ್ಥವಾಗುತ್ತದೆ. ಗಂಡನಿಂದ ಏಟು ತಿನ್ನುತ್ತಿರುವ ಹೆಂಗಸಿಗೆ ಬೇಕಿರುವುದು ಸುರಕ್ಷಿತ ಜಾಗ, ಕಾನೂನಿನ ನೆರವು. ಆ ಭಯ ಅವಳ ಮನಸ್ಸಿನ ಕಲ್ಪನೆಯಲ್ಲ, ಅದು ಸರಿಯಾಗಿಯೇ ಕೂಗುತ್ತಿದೆ. ರಾತ್ರಿ ಹತ್ತರವರೆಗೆ ಆಫೀಸ್ ಕಾಲ್‌ಗಳನ್ನು ಒಂದರ ಮೇಲೊಂದು ಇಟ್ಟು, ಶುಕ್ರವಾರ ಮಧ್ಯಾಹ್ನ ಅರ್ಧ ಗಂಟೆ ಮೈಂಡ್‌ಫುಲ್‌ನೆಸ್ ಮಾಡಿಸುವ ಕಂಪನಿಗಳ ಮೇಲೆ ನನಗೆ ಸಿಟ್ಟಿದೆ. ಕೆಲಸ ಹೇರುವುದನ್ನು ಹಾಗೇ ಬಿಟ್ಟು, ಹೊರುವವರಿಗೆ ತಡೆದುಕೊಳ್ಳುವುದನ್ನು ಕಲಿಸುತ್ತಾರೆ.

ಊರಿನ ಮನೆಯ ವಿಷಯ ಕೂತಿದ್ದರಿಂದ ಬಗೆಹರಿಯಲಿಲ್ಲ. ವಕೀಲರ ಹತ್ತಿರ ಹೋಗಬೇಕಾಯಿತು, ಅಣ್ಣನ ಜೊತೆ ಜಗಳವೂ ಆಯಿತು. ಆದರೆ ಆ ಜಗಳದ ನಡುವೆ ಗಂಟಲು ಬಿಗಿಯುತ್ತಿರುವುದು ನನಗೆ ಗೊತ್ತಾಯಿತು. "ಅಣ್ಣಾ, ಒಂದ್ನಿಮಿಷ ಇರು" ಅಂತ ಹೇಳಿ, ನೀರು ಕುಡಿದು ಬಂದು ಮಾತು ಮುಂದುವರಿಸಿದೆ. ಮೊದಲಾಗಿದ್ದರೆ ಅಲ್ಲೇ ಎದ್ದು ಬಂದು, ಹಾಸಿಗೆ ಹಿಡಿದು, ನನ್ನದೇ ತಪ್ಪು ಅಂತ ವಾರಗಟ್ಟಲೆ ಕೊರಗುತ್ತಿದ್ದೆ. ಥೆರಪಿ ನನಗೆ ಕೊಟ್ಟದ್ದು ಆ ಒಂದು ನಿಮಿಷ. ಬೇಸರ ಈಗಲೂ ಬರುತ್ತದೆ. ಹಳೇ ಬೈಗುಳವೂ ಬರುತ್ತದೆ. ಅದು ಬಂದಿದೆ ಅಂತ ಬೇಗ ಗೊತ್ತಾಗುತ್ತದೆ.

ಇಂಥವರನ್ನು ಹುಡುಕುವುದು

ಹೀಗೆ ಪಕ್ಕ ಕೂತು ಕೇಳುವವರು, ಅದೂ ಕನ್ನಡದಲ್ಲಿ ಕೇಳುವವರು, ನಮ್ಮಲ್ಲಿ ಕಡಿಮೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆ ಇರುವವರಲ್ಲಿ ಬಹುಪಾಲು ಜನಕ್ಕೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಖಾಸಗಿ ಥೆರಪಿಸ್ಟ್‌ಗಳ ಫೀಸು ಎಲ್ಲರಿಗೂ ಎಟಕುವುದಿಲ್ಲ. ಬೆಂಗಳೂರಿನಲ್ಲಿದ್ದು ನನಗೆ ಸಿಕ್ಕದ್ದು ನನ್ನ ತಂಗಿಗೆ ಶಿರಸಿಯಲ್ಲಿ ಸಿಗಲಿಲ್ಲ, ಅವಳು ವಿಡಿಯೋ ಕಾಲ್ ಮೇಲೆ ಮಾತಾಡುತ್ತಾಳೆ. ಈ ಕೊರತೆ ಇರುವಾಗ ಆ್ಯಪ್ ಹಾಕಿಕೊಂಡು ಕೂರುವವರನ್ನು ನಾನು ತಪ್ಪು ಅನ್ನಲಾರೆ. ಚಿಕ್ಕಪುಟ್ಟ ಒತ್ತಡಕ್ಕೆ ಅದರಿಂದ ಎಷ್ಟೋ ಜನಕ್ಕೆ ಹಾಯೆನಿಸುತ್ತದೆ. ಕೂತಾಗ ಸಂಕಟ ಹೆಚ್ಚುತ್ತಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, ಒಬ್ಬರ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಥೆರಪಿಸ್ಟ್ ಹುಡುಕುತ್ತಿದ್ದೇನೆ ಅಂತ ಯಾರಾದರೂ ನನ್ನನ್ನು ಕೇಳಿದರೆ, ಮೊದಲ ಭೇಟಿಯಲ್ಲೇ ಕೆಲವನ್ನು ವಿಚಾರಿಸಿ ಅನ್ನುತ್ತೇನೆ. ಎಲ್ಲಿ ತರಬೇತಿ ಆಗಿದೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ, ಮೈಂಡ್‌ಫುಲ್‌ನೆಸ್ ಮಾಡಿಸುವುದಾದರೆ ತಾವೂ ಅದನ್ನು ಮಾಡುತ್ತಾರಾ. ನನಗೆ ಕಣ್ಣು ಮುಚ್ಚಿದರೆ ಭಯವಾದರೆ ಆಗ ಏನು ಮಾಡಿಸುತ್ತೀರಿ ಅಂತಲೂ ಕೇಳಿ. ಅದಕ್ಕೆ ಅವರ ಹತ್ತಿರ "ಕೂತೇ ಇರಿ, ಸರಿಹೋಗುತ್ತೆ" ಅನ್ನುವುದನ್ನು ಬಿಟ್ಟು ಬೇರೆ ಉತ್ತರ ಇಲ್ಲದಿದ್ದರೆ, ಇನ್ನೊಬ್ಬರನ್ನು ನೋಡಿ.